ಕನ್ನಡ ಕಲಿಕೆ ರೊಟ್ಟಿಯಿಂದ ಶುರುವಾಗಲಿ

ಗೋಕಾಕ ಎಂದೊಡನೆ ಕರ್ನಾಟಕದ ಉಳಿದ ಭಾಗದವರಿಗೆ ನೆನಪಾಗುವುದು ಎರಡು: ಒಂದು ಕರದಂಟು, ಇನ್ನೊಂದು ವರದಿ. ವರದಿಗೂ ಊರಿಗೂ ನೇರ ಸಂಬಂಧವಿಲ್ಲ. ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ; ಊರು ಅವರ ಮನೆತನದ ಹೆಸರಿಗೆ ಅಂಟಿಕೊಂಡಿತ್ತು ಅಷ್ಟೆ. ಆದರೂ 1981ರಲ್ಲಿ ಅವರ ಸಮಿತಿ ಕೊಟ್ಟ ವರದಿ, 1982ರಲ್ಲಿ ಅದರ ಜಾರಿಗಾಗಿ ನಡೆದ ಚಳವಳಿ ಈ ಊರಿನ ಹೆಸರನ್ನು ಕನ್ನಡದ ಹಕ್ಕಿನ ಇನ್ನೊಂದು ಹೆಸರಾಗಿಸಿದವು. ಶಾಲೆಯಲ್ಲಿ ಕನ್ನಡಕ್ಕೆ ಎಷ್ಟನೆಯ ಸ್ಥಾನ ಎಂಬುದು ಅಂದಿನ ಪ್ರಶ್ನೆ. ಅದರ ಬಗ್ಗೆ ನಾಲ್ಕು ದಶಕ ವಾದಿಸಿದ್ದೇವೆ, ಕೋರ್ಟಿಗೂ ಹೋಗಿ ಬಂದಿದ್ದೇವೆ. ಅದರಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯನ್ನು ಮಾತ್ರ ಯಾರೂ ಗಟ್ಟಿಯಾಗಿ ಕೇಳಿಲ್ಲ: ಕನ್ನಡ ಬಾರದವರಿಗೆ ಕನ್ನಡವನ್ನು ಎಲ್ಲಿಂದ ಕಲಿಸಲು ಹಿಡಿಯಬೇಕು? ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಮಟ್ಟಿಗೆ ಉತ್ತರ ಸರಳ. ಇಲ್ಲಿಯ ಜನ ದಿನಾ ಉಣ್ಣುವ ರೊಟ್ಟಿಯಿಂದ, ಆ ಒಂದು ಪದದ ಪೂರ್ತಿ ಬಳಕೆಯಿಂದ, ಇಲ್ಲಿಯವರು ಆಡುವ ಕನ್ನಡದಲ್ಲೇ ಕಲಿಕೆ ಶುರುವಾಗಬೇಕು.

ಈ ಪ್ರಶ್ನೆ ಪುಸ್ತಕದ ಪ್ರಶ್ನೆಯಲ್ಲ. ಈ ಮೂರು ತಾಲ್ಲೂಕುಗಳ ಬ್ಯಾಂಕು, ರೈಲು ನಿಲ್ದಾಣ, ಸಕ್ಕರೆ ಕಾರ್ಖಾನೆಗಳಿಗೆ ಹೊರ ರಾಜ್ಯದವರು ಕೆಲಸಕ್ಕೆ ಬರುತ್ತಾರೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಮಹಾರಾಷ್ಟ್ರದಿಂದ ಗ್ಯಾಂಗುಗಳು ಬರುತ್ತವೆ. ಮೈಸೂರು, ಮಂಡ್ಯದ ಕಡೆಯಿಂದ ವರ್ಗವಾಗಿ ಬರುವ ಅಧಿಕಾರಿಗಳಿಗೂ ಇಲ್ಲಿಯ ಮಾತು ಅರ್ಧ ತಿಳಿಯುತ್ತದೆ, ಅರ್ಧ ಕೈಕೊಡುತ್ತದೆ. ಕನ್ನಡೇತರರಿಗೆ ಕೆಲಸದ ಜಾಗದಲ್ಲೇ ಕನ್ನಡ ಕಲಿಸುವ ವ್ಯವಸ್ಥೆ ಇರಬೇಕು ಎಂಬ ಆಶಯ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದಲ್ಲಿದೆ; ಅದು ಜಾರಿಗೆ ಬಂದದ್ದು 2024ರಲ್ಲಿ. ಕಾನೂನು ಆಯಿತು, ಪಾಠ ಯಾವುದು? ಪೇಟೆಯಲ್ಲಿ ಸಿಗುವ ‘ಮೂವತ್ತು ದಿನಗಳಲ್ಲಿ ಕನ್ನಡ’ ಮಾದರಿಯ ಪುಸ್ತಕ ತೆರೆದರೆ ಊಟದ ವಿಷಯಕ್ಕೆ ಒಂದು ಪಟ್ಟಿ ಇರುತ್ತದೆ: ಅನ್ನ, ಸಾರು, ರೊಟ್ಟಿ, ಹಾಲು, ಎದುರಿಗೆ ಇಂಗ್ಲಿಷ್ ಅರ್ಥ. ಬಿಹಾರದಿಂದ ಬಂದ ಬ್ಯಾಂಕಿನ ಗುಮಾಸ್ತನಿಗೆ ರೊಟ್ಟಿ ಎಂಬ ಪದ ಹೊಸದೇ ಅಲ್ಲ. ಅವನಿಗೆ ಬೇಕಾದದ್ದು ಅದನ್ನು ಬಾಯಿಗೆ ತಂದುಕೊಂಡು ನಾಲ್ಕು ಜನರ ನಡುವೆ ಮಾತಾಡುವ ದಾರಿ. ಪಟ್ಟಿ ಅದನ್ನು ಕೊಡುವುದಿಲ್ಲ.

ಮೊದಲನೆಯದಾಗಿ, ಇಲ್ಲಿ ರೊಟ್ಟಿ ಎಂದರೆ ಜೋಳದ ರೊಟ್ಟಿ. ಯಾವ ವಿಶೇಷಣವನ್ನೂ ಹಚ್ಚದೆ ರೊಟ್ಟಿ ಎಂದರೆ ಅದೇ. ಸಜ್ಜೆಯದಾದರೆ ‘ಸಜ್ಜಿ ರೊಟ್ಟಿ’ ಎಂದು ಬೇರೆ ಹೇಳಬೇಕು. ಗೋಧಿಯದು ರೊಟ್ಟಿಯೇ ಅಲ್ಲ, ಚಪಾತಿ. ಕೊಡಗಿನಲ್ಲಿ ಅಕ್ಕಿಯದು, ತುಮಕೂರಿನ ಕಡೆ ರಾಗಿಯದು ಮೊದಲು ಕಣ್ಣಿಗೆ ಬರುವಂತೆ ಘಟಪ್ರಭೆಯ ದಂಡೆಯಲ್ಲಿ ಬಿಳಿಜೋಳದ್ದು ಬರುತ್ತದೆ. ಅದರ ಹಿಂದೆಯೇ ಇನ್ನೊಂದು ತೊಡಕಿದೆ. ಬೆಂಗಳೂರಿನ ರಸ್ತೆ ಬದಿಯಲ್ಲಿ ಕೆಂಡದ ಮೇಲೆ ಸುಟ್ಟು ಮಾರುವ ಮೆಕ್ಕೆಜೋಳವನ್ನು ಅಲ್ಲಿಯವರು ಬರೀ ಜೋಳ ಎನ್ನುತ್ತಾರೆ. ಗೋಕಾಕ, ಮೂಡಲಗಿಯ ರೈತನಿಗೆ ಅದು ಗೋವಿನಜೋಳ. ‘ಜ್ವಾಳ’ ಎಂದರೆ ರೊಟ್ಟಿಯ ಜೋಳವೇ. ಎರಡೂ ಬೆಳೆ ಇರುವ ಸೀಮೆಯಲ್ಲಿ ಬೆಳೆ ಸಾಲದ ಅರ್ಜಿಯನ್ನೋ ಬೆಳೆ ವಿಮೆಯ ಕಾಗದವನ್ನೋ ತುಂಬಿಸಿಕೊಳ್ಳುವ ನೌಕರನಿಗೆ ಈ ವ್ಯತ್ಯಾಸ ತಿಳಿಯದಿದ್ದರೆ ನಷ್ಟ ಯಾರದು ಎಂದು ಬಿಡಿಸಿ ಹೇಳಬೇಕಿಲ್ಲ. ರೊಟ್ಟಿ ಕಲಿತವನು ಜೋಳ ಕಲಿಯುತ್ತಾನೆ, ಜೋಳ ಕಲಿತವನಿಗೆ ಮುಂಗಾರಿ, ಹಿಂಗಾರಿ, ಎರೆ ಹೊಲ, ಮಾಲದಂಡಿ ಎಂಬ ಮಾತುಗಳು ಒಂದರ ಹಿಂದೆ ಒಂದು ಬರುತ್ತವೆ. ಅವೆಲ್ಲ ಅವನ ಮೇಜಿನ ಮೇಲಿನ ಕಡತದಲ್ಲೇ ಇರುವ ಮಾತುಗಳು.

ಎರಡನೆಯದು ಕ್ರಿಯಾಪದ. ನಾಮಪದ ಯಾರಾದರೂ ಕಲಿತಾರು. ಭಾಷೆ ಬಂದಿದೆಯೋ ಇಲ್ಲವೋ ಎಂಬುದು ಕ್ರಿಯಾಪದದಲ್ಲಿ ಗೊತ್ತಾಗುತ್ತದೆ. ಗೋಧಿಯ ಹಿಟ್ಟಿಗಿರುವ ಅಂಟು ಗುಣ ಜೋಳಕ್ಕಿಲ್ಲ. ಅದಕ್ಕೇ ಜೋಳದ ಹಿಟ್ಟಿಗೆ ಕುದಿಯುವ ನೀರು ಬೇಕು. ಪರಾತದಲ್ಲಿ ಹಿಟ್ಟು ಸಾಣಿಸಿಕೊಂಡು, ನಡುವೆ ಕುಳಿ ಮಾಡಿ, ಬಿಸಿನೀರು ಹಾಕಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಾರೆ. ಹಿಟ್ಟು ಹಳೆಯದಾದರೆ ‘ಜಿಗಿ ಇಲ್ಲ’ ಎನ್ನುತ್ತಾರೆ. ಜಿಗಿ ಇಲ್ಲದ ಹಿಟ್ಟಿನ ರೊಟ್ಟಿ ಅಂಚಿನಲ್ಲಿ ಹರಿಯುತ್ತದೆ. ನಾದಿದ ಉಂಡೆಯ ಕೆಳಗೆ ಒಣಹಿಟ್ಟು ಉದುರಿಸಿ, ಎರಡೂ ಕೈಯಿಂದ ತಿರುಗಿಸುತ್ತ ಬಡಿಯುತ್ತಾರೆ. ಹೌದು, ಇಲ್ಲಿ ರೊಟ್ಟಿಯನ್ನು ‘ಬಡಿಯುವುದು’. ದಕ್ಷಿಣದವರು ‘ತಟ್ಟುವುದು’ ಎನ್ನುತ್ತಾರೆ. ಚಪಾತಿಯನ್ನಾದರೋ ‘ಲಟ್ಟಿಸಬೇಕು’. ಬಡಿದ ರೊಟ್ಟಿಯನ್ನು ಕಾದ ಹಂಚಿಗೆ ಹಾಕಿ, ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರಿ, ನೀರು ಆರುತ್ತಲೇ ಮಗುಚಿ ಹಾಕುತ್ತಾರೆ. ಕೊನೆಗೆ ಉರಿಗೆ ಹಿಡಿದಾಗ ಅದು ಉಬ್ಬುತ್ತದೆ. ಸಾಣಿಸು, ನಾದು, ಬಡಿ, ಸವರು, ಮಗುಚು, ಉಬ್ಬು: ಒಂದು ರೊಟ್ಟಿ ಆಗುವಷ್ಟರಲ್ಲಿ ಆರು ಕ್ರಿಯಾಪದ ಕಣ್ಣೆದುರೇ ನಡೆದು ಹೋಗುತ್ತವೆ. ನೋಡುತ್ತಲೇ ಕೇಳಿದ ಮಾತಿಗೆ ಅರ್ಥ ಬರೆದುಕೊಳ್ಳುವ ಅಗತ್ಯ ಬೀಳುವುದಿಲ್ಲ.

ಇನ್ನು ವ್ಯಾಕರಣ. ಊಟದ ಮಾತು ಹಗುರ, ಅದರಲ್ಲಿ ವ್ಯಾಕರಣ ಇರುವುದಿಲ್ಲ ಎಂದು ತಿಳಿಯುವವರು ಖಾನಾವಳಿಯಲ್ಲಿ ಹತ್ತು ನಿಮಿಷ ಕಿವಿ ತೆರೆದು ಕೂತರೆ ಸಾಕು. ‘ರೊಟ್ಟಿ ಅದಾವೇನ್ರಿ?’ ಎಂದು ಕೇಳುತ್ತಾರೆ, ‘ಅನ್ನ ಐತೇನ್ರಿ?’ ಎಂದು ಕೇಳುತ್ತಾರೆ. ರೊಟ್ಟಿ ಎಣಿಕೆಗೆ ಸಿಗುವಂಥದ್ದು, ಆದ್ದರಿಂದ ಬಹುವಚನದ ಕ್ರಿಯಾಪದ. ಅನ್ನ ಎಣಿಕೆಗೆ ಸಿಗದ್ದು, ಆದ್ದರಿಂದ ಏಕವಚನ. ರೊಟ್ಟಿಗೆ ‘ಗಳು’ ಹಚ್ಚುವ ಗೋಜಿಗೇ ಯಾರೂ ಹೋಗುವುದಿಲ್ಲ. ಕ್ರಿಯಾಪದವೇ ಆ ಕೆಲಸ ಮಾಡುತ್ತದೆ. ಕನ್ನಡದ ವಚನ ವ್ಯವಸ್ಥೆಯ ಈ ಸೂಕ್ಷ್ಮವನ್ನು ಹಲಗೆಯ ಮೇಲೆ ಬರೆದು ತಿಳಿಸಲು ಒಂದು ತಾಸು ಬೇಕು. ತಟ್ಟೆಯ ಮುಂದೆ ಅದು ಎರಡು ವಾಕ್ಯದ ಪಾಠ. ‘ಇನ್ನೊಂದು ಹಾಕ್ಲೇನ್ರಿ?’ ಎಂಬುದರಲ್ಲಿ ಅನುಮತಿ ಕೇಳುವ ರೂಪ, ‘ಹಾಕ್ರಿ’ಯಲ್ಲಿ ಮರ್ಯಾದೆಯ ವಿಧಿರೂಪ, ‘ಬ್ಯಾಡ್ರಿ, ಸಾಕು’ ಎಂಬುದರಲ್ಲಿ ನಿಷೇಧ, ‘ಉಂಡೇನ್ರಿ’ಯಲ್ಲಿ ಭೂತಕಾಲ ಇವೆ. ದಕ್ಷಿಣದಲ್ಲಿ ‘ಬಡಿಸು’ ಎನ್ನುವ ಕಡೆ ಇಲ್ಲಿ ‘ನೀಡು’ ಎನ್ನುತ್ತಾರೆ. ವಯಸ್ಸಾದ ಹೆಣ್ಣುಮಗಳು ನೀಡುತ್ತಿದ್ದರೆ ‘ಸಾಕ್ರಿ ಅವ್ವಾರ’ ಎಂದು, ಸರಿವಯಸ್ಸಿನವಳಾದರೆ ‘ಸಾಕ್ರಿ ಅಕ್ಕಾರ’ ಎಂದು ಹೇಳಬೇಕು. ಬರೀ ‘ಸಾಕು’ ಎಂದರೆ ತಪ್ಪೇನಿಲ್ಲ, ಒರಟಾಗಿ ಕೇಳುತ್ತದೆ. ಆ ‘ರೀ’ ಒಂದನ್ನು ಎಲ್ಲಿ ಹಚ್ಚಬೇಕು ಎಂದು ಕಲಿತ ಅಧಿಕಾರಿಗೆ ಈ ಸೀಮೆಯಲ್ಲಿ ಅರ್ಧ ಕೆಲಸ ಆದಂತೆ.

ಮೂರನೆಯದು, ಈ ಪದ ಅಡುಗೆಮನೆಯ ಆಚೆಗೂ ಓಡಾಡುತ್ತದೆ. ನಾಗರಪಂಚಮಿಯ ಹಿಂದುಮುಂದಿನ ದಿನಗಳಲ್ಲಿ ಉತ್ತರ ಕರ್ನಾಟಕದ ಮನೆಗಳಲ್ಲಿ ರೊಟ್ಟಿ ಪಂಚಮಿ ಇದೆ. ಬಗೆಬಗೆಯ ರೊಟ್ಟಿ, ಪಲ್ಯ, ಚಟ್ನಿಪುಡಿಗಳನ್ನು ನೆರೆಹೊರೆಯವರು ಹಂಚಿಕೊಳ್ಳುತ್ತಾರೆ. ಗದಗ ಜಿಲ್ಲೆಯ ಡಂಬಳದಲ್ಲಿ ರೊಟ್ಟಿ ಜಾತ್ರೆಯೇ ನಡೆಯುತ್ತದೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಹೊತ್ತು ಹೋಗಿ ಚರಗ ಚೆಲ್ಲುವಾಗ ಬುತ್ತಿಯಲ್ಲಿ ಸಜ್ಜಿ ರೊಟ್ಟಿ ಇರಲೇಬೇಕು. ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಎಂಬ ಗಾದೆ ಅಯಾಚಿತ ಅದೃಷ್ಟಕ್ಕೆ ಇಡೀ ಕನ್ನಡನಾಡು ಬಳಸುವ ಮಾತು. ಇನ್ನೂ ಹಿಂದೆ ಹೋದರೆ, ಹತ್ತನೆಯ ಶತಮಾನದ ಪಂಪ, ರನ್ನರ ಕಾವ್ಯಗಳಲ್ಲಿ ‘ಜೋಳದ ಪಾಳಿ’ ಎಂಬ ಮಾತಿದೆ. ಒಡೆಯ ಕೊಟ್ಟ ಜೋಳಕ್ಕೆ ಯೋಧ ತೀರಿಸಬೇಕಾದ ಋಣ ಎಂದು ಅದರ ಅರ್ಥ. ಇಂದು ನಾವು ಉಪ್ಪಿನ ಋಣ ಎನ್ನುವುದು ಅಂದು ಜೋಳದ ಋಣವಾಗಿತ್ತು. ಒಂದು ಕಾಳಿನ ಹೆಸರು ರಾಜನಿಷ್ಠೆಯ ಹೆಸರಾಗುವಷ್ಟು ಬೆಳೆದಿದ್ದ ಭಾಷೆಯನ್ನು ಕಲಿಸುವಾಗ ಆ ಕಾಳನ್ನು ಪಟ್ಟಿಯ ಮೂಲೆಗೆ ತಳ್ಳುವುದು ಜಾಣತನವಲ್ಲ.

ಹೀಗೆ ಕಲಿಸುವುದು ನಮ್ಮಲ್ಲಿ ಮಾತ್ರ ಹೊಳೆದ ವಿಚಾರವೂ ಅಲ್ಲ. ವಲಸಿಗರಿಗೆ ಸರ್ಕಾರದ ಖರ್ಚಿನಲ್ಲಿ ಭಾಷೆ ಕಲಿಸುವ ವ್ಯವಸ್ಥೆಯನ್ನು ಸ್ವೀಡನ್ 1965ರಲ್ಲೇ ಶುರು ಮಾಡಿತು. ಅಲ್ಲಿಗೆ ಹೊಸದಾಗಿ ಹೋದವರು ಮೊದಮೊದಲು ಕಲಿಯುವ ಮಾತುಗಳಲ್ಲಿ ‘ಫೀಕಾ’ ಒಂದು. ಕೆಲಸದ ನಡುವೆ ಜೊತೆಗಾರರೊಂದಿಗೆ ಕೂತು ಕಾಫಿ ಕುಡಿದು, ಸಿಹಿ ಬನ್ನೋ ಬಿಸ್ಕತ್ತೋ ತಿನ್ನುವುದಕ್ಕೆ ಆ ಹೆಸರು. ಅದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಕಾಫಿ ಏನೆಂದು ತಿಳಿಯದೆ ಯಾರೂ ಸ್ವೀಡನ್ನಿಗೆ ಹೋಗುವುದಿಲ್ಲ. ಯಾರನ್ನು, ಯಾವ ಹೊತ್ತಿಗೆ, ಹೇಗೆ ಕರೆಯಬೇಕು ಎಂಬುದೇ ಅಲ್ಲಿ ಕಲಿಯಬೇಕಾದ ಪಾಠ. ಊರಿನ ಗ್ರಂಥಾಲಯಗಳಲ್ಲಿ ಕಾಫಿ ಕುಡಿಯುತ್ತ ಭಾಷೆ ಕಲಿಯುವ ಕೂಟಗಳೂ ನಡೆಯುತ್ತವೆ. ಊರಿನವರೇ ಬಂದು ಹೊಸಬರೊಂದಿಗೆ ಮಾತಾಡುತ್ತಾರೆ. ನಮ್ಮಲ್ಲೂ ಕಲಿಸುವ ಸಂಸ್ಥೆಗಳಿಗೆ ಕೊರತೆಯಿಲ್ಲ. ಮೈಸೂರಿನಲ್ಲಿ 1969ರಲ್ಲಿ ಹುಟ್ಟಿದ ಭಾರತೀಯ ಭಾಷಾ ಸಂಸ್ಥಾನದ ದಕ್ಷಿಣ ವಲಯ ಕೇಂದ್ರ ಬೇರೆ ರಾಜ್ಯಗಳ ಶಿಕ್ಷಕರಿಗೆ ಹತ್ತು ತಿಂಗಳ ಕೋರ್ಸಿನಲ್ಲಿ ಕನ್ನಡ ಕಲಿಸುತ್ತ ಬಂದಿದೆ. ಹತ್ತು ತಿಂಗಳು ರಜೆ ಸಿಗದ ಗುಮಾಸ್ತನಿಗೆ, ನರ್ಸಿಗೆ, ಕಾರ್ಖಾನೆಯ ಫಿಟ್ಟರಿಗೆ ಮಾತ್ರ ಅವರಿದ್ದಲ್ಲಿಗೇ ಬರುವ ಪಾಠ ಬೇಕು, ಅದೂ ಅವರಿದ್ದ ಊರಿನ ಮಾತಿನಲ್ಲಿ.

ಇದಕ್ಕೆ ಮೊದಲ ಆಕ್ಷೇಪ ಭಾಷಾ ಪಂಡಿತರಿಂದ ಬರುತ್ತದೆ. ಹೊಸದಾಗಿ ಕಲಿಯುವವರಿಗೆ ‘ಐತಿ, ಅದಾವ, ಬ್ಯಾಡ್ರಿ’ ಕಲಿಸಿದರೆ ಶಿಷ್ಟ ಕನ್ನಡದ ಗತಿಯೇನು, ನಾಳೆ ಮೈಸೂರಿಗೆ ವರ್ಗವಾದರೆ ಅವನು ಏನು ಮಾಡಬೇಕು ಎಂಬುದು ಅವರ ಕಳವಳ. ಕಳವಳದಲ್ಲಿ ಹುರುಳಿಲ್ಲ ಎನ್ನಲಾಗದು. ಅರ್ಜಿ, ಆದೇಶ, ಪತ್ರಿಕೆ ಓದಲು ಶಿಷ್ಟ ಕನ್ನಡ ಬೇಕೇ ಬೇಕು. ಆದರೆ ಕಿವಿಗೆ ಬೀಳುವ ಮಾತು ಮೊದಲು, ಕಣ್ಣಿಗೆ ಬೀಳುವ ಬರಹ ಆಮೇಲೆ. ‘ಇವೆ’ಯನ್ನು ಮಾತ್ರ ಕಲಿತು ಹುಕ್ಕೇರಿಗೆ ಬಂದವನಿಗೆ ‘ಅದಾವ’ ಅರ್ಥವಾಗದು. ‘ಅದಾವ’ ಬಂದವನಿಗೆ ‘ಇವೆ’ ಕಲಿಸಲು ಒಂದು ನಿಮಿಷ ಸಾಕು. ಇಲ್ಲಿಯ ಮಾತು ಕೀಳು ಎಂಬ ಭಾವನೆಗಂತೂ ಆಧಾರವೇ ಇಲ್ಲ. 2010ರ ಜ್ಞಾನಪೀಠ ಪಡೆದ ಚಂದ್ರಶೇಖರ ಕಂಬಾರರು ಹುಕ್ಕೇರಿ ಸೀಮೆಯ ಘೋಡಗೇರಿಯವರು. ಆ ಸೀಮೆಯ ಮಾತಿನ ಲಯದಲ್ಲೇ ಅವರ ನಾಟಕ, ಕಾವ್ಯ ನಿಂತಿವೆ. ಆನಂದಕಂದ ಎಂದು ಹೆಸರಾದ ಬೆಟಗೇರಿ ಕೃಷ್ಣಶರ್ಮರು, ಕಾದಂಬರಿಕಾರ ಬಸವರಾಜ ಕಟ್ಟೀಮನಿ ಇಬ್ಬರೂ ಗೋಕಾಕ ತಾಲ್ಲೂಕಿನ ಹಳ್ಳಿಗಳಲ್ಲಿ ಹುಟ್ಟಿದವರು. ಸಾಹಿತ್ಯಕ್ಕೆ ಸಾಲುವ ಮಾತು ಪಾಠಕ್ಕೆ ಸಾಲದೇ?

ಎರಡನೆಯ ಆಕ್ಷೇಪ ಹೊಲದಿಂದ ಬರುತ್ತದೆ, ಅದು ಇನ್ನೂ ಗಂಭೀರ. ಜೋಳವೇ ಹೋಗುತ್ತಿರುವಾಗ ರೊಟ್ಟಿಯ ಮಾತು ಎಷ್ಟು ದಿನ ಎಂದು ಕೇಳುವವರಿದ್ದಾರೆ. 1897ರಲ್ಲಿ ಧೂಪದಾಳದ ಒಡ್ಡು ಮುಗಿದು ಘಟಪ್ರಭೆಯ ನೀರು ಕಾಲುವೆಗೆ ಹರಿಯಿತು. ಸ್ವಾತಂತ್ರ್ಯದ ನಂತರ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯ ಕಟ್ಟಿದರು. ನೀರು ಬಂದಲ್ಲಿ ಕಬ್ಬು ಬಂತು, ಗೋವಿನಜೋಳ ಬಂತು; ಜೋಳ ಮಳೆ ನಂಬಿದ ಎರೆ ಹೊಲಗಳಿಗೆ ಸರಿಯಿತು. ಶಾಲೆಯ ಬಿಸಿಯೂಟದಲ್ಲಿ ಮಕ್ಕಳು ದಿನಾ ಉಣ್ಣುವುದು ಹೆಚ್ಚಾಗಿ ಅನ್ನ, ಸಾಂಬಾರು. ಪಡಿತರದಲ್ಲಿ ಬರುವುದೂ ಮುಖ್ಯವಾಗಿ ಅಕ್ಕಿ. ಇದೆಲ್ಲ ನಿಜ. ಆದರೆ ರೊಟ್ಟಿ ಹೋಗಿಲ್ಲ, ಜಾಗ ಬದಲಿಸಿದೆ. ಕಬ್ಬು ಬೆಳೆಯುವ ಮನೆಯವರೂ ಸಂತೆಯಿಂದ ಜೋಳ ಕೊಂಡು ಬಡಿಯುತ್ತಾರೆ. ಬಡಿಯಲು ಆಗದವರು ಸ್ತ್ರೀಶಕ್ತಿ ಸಂಘದವರು ಮಾಡಿದ ಖಡಕ್ ರೊಟ್ಟಿಯ ಕಟ್ಟು ಕೊಳ್ಳುತ್ತಾರೆ. ತಿಂಗಳುಗಟ್ಟಲೆ ಕೆಡದ ಆ ಕಟ್ಟು ಪುಣೆಗೂ ಬೆಂಗಳೂರಿಗೂ ಬಸ್ಸಿನಲ್ಲಿ ಹೋಗುತ್ತದೆ. ಹಾಗೆ ನೋಡಿದರೆ ಅಪಾಯ ಇರುವುದು ‘ರೊಟ್ಟಿ’ ಎಂಬ ನಾಮಪದಕ್ಕಲ್ಲ, ಜಿಗಿ, ನಾದು, ಬಡಿ ಎಂಬ ಅದರ ಬಳಗಕ್ಕೆ. ಕರದಂಟಿಗೆ ಅಂಗಡಿ ಇದೆ, ಬಣ್ಣದ ಡಬ್ಬಿ ಇದೆ, ಪ್ರವಾಸಿಗರು ಕೇಳಿ ಕೊಳ್ಳುತ್ತಾರೆ. ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿಯ ಆ ಸಿಹಿಯ ಹೆಸರನ್ನು ಯಾರೂ ಕಾಯಬೇಕಿಲ್ಲ. ಡಬ್ಬಿ ಇಲ್ಲದ ಮಾತುಗಳನ್ನೇ ಕಲಿಕೆಯೊಳಗೆ ತರಬೇಕು.

ಮೂರನೆಯದು ಗಡಿಯ ಪ್ರಶ್ನೆ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಸಂತೆಯಲ್ಲಿ ಕನ್ನಡದಷ್ಟೇ ಸಲೀಸಾಗಿ ಮರಾಠಿ ಕೇಳಿಸುತ್ತದೆ, ಉರ್ದುವೂ ಇದೆ. ಇಂಥಲ್ಲಿ ಕನ್ನಡದ ಪಾಠ ಎಂದೊಡನೆ ಕೆಲವರಿಗೆ ರಾಜಕೀಯದ ವಾಸನೆ ಬರುತ್ತದೆ. ರೊಟ್ಟಿ ಈ ವಾಸನೆಯನ್ನು ಕಳೆಯಬಲ್ಲದು, ಏಕೆಂದರೆ ಅದು ಯಾರೊಬ್ಬರ ಆಸ್ತಿಯೂ ಅಲ್ಲ. ಮರಾಠಿಯವರು ಅದೇ ಜೋಳದ್ದನ್ನೇ ಭಾಕರಿ ಎನ್ನುತ್ತಾರೆ, ಅದೇ ರೀತಿ ಕೈಯಿಂದಲೇ ಬಡಿಯುತ್ತಾರೆ. ನಮ್ಮ ‘ಲಟ್ಟಿಸು’ ಮತ್ತು ಅವರ ‘ಲಾಟಣೆ’ ಒಂದೇ ಬೇರಿನವು. ಜುಣಕ ಎರಡೂ ಕಡೆಯ ತಟ್ಟೆಯಲ್ಲಿದೆ. ಹೀಗಾಗಿ ಮರಾಠಿ ಮನೆಮಾತಿನವರಿಗೆ ಈ ಪಾಠದಲ್ಲಿ ಅರ್ಧ ದಾರಿ ಮೊದಲೇ ಸವೆದಿರುತ್ತದೆ. ಜಾತಿಯ ಮಾತೂ ಅಷ್ಟೆ. ಎಣಗಾಯಿ, ಗುರೆಳ್ಳು ಹಿಂಡಿಯ ಜೊತೆ ರೊಟ್ಟಿ ಉಣ್ಣುವವರೂ ಇದ್ದಾರೆ, ಮಟನ್ ಸಾರಿನ ಜೊತೆ ಉಣ್ಣುವವರೂ ಇದ್ದಾರೆ. ರೊಟ್ಟಿ ಎರಡೂ ಪಂಕ್ತಿಯಲ್ಲಿ ಒಂದೇ. ಶುದ್ಧ ಕನ್ನಡ ಯಾವುದು, ಎರವಲು ಯಾವುದು ಎಂದು ಅಳೆಯುತ್ತ ಕೂತರೆ ಖಾನಾವಳಿ, ಪರಾತ, ಖಡಕ್ ಎಲ್ಲವನ್ನೂ ಹೊರಗೆ ಹಾಕಬೇಕಾಗುತ್ತದೆ. ಜನ ಬಳಸುವ ಪದವೇ ಕನ್ನಡ ಪದ ಎಂದು ಒಪ್ಪಿಕೊಂಡು ಮುಂದೆ ಹೋಗುವುದು ಲೇಸು.

ಕೊನೆಯ ಆಕ್ಷೇಪ ಕಚೇರಿಯದು: ನೌಕರನಿಗೆ ಬೇಕಾದದ್ದು ಖಾತೆ, ಕಂತು, ಉತಾರಿಯ ಕನ್ನಡ, ರೊಟ್ಟಿ ಬಡಿಯುವುದನ್ನು ಕಟ್ಟಿಕೊಂಡು ಅವನೇನು ಮಾಡಬೇಕು? ಕಚೇರಿಯ ಪದಗಳು ನೂರಿನ್ನೂರು ಇರಬಹುದು, ಅವು ಅರ್ಜಿಯಲ್ಲೇ ಅಚ್ಚಾಗಿರುತ್ತವೆ. ಎದುರಿಗೆ ನಿಂತವರು ಮಾತ್ರ ಅಚ್ಚಿನಂತೆ ಮಾತಾಡುವುದಿಲ್ಲ. ಸಂಘದ ಸಾಲ ಕೇಳಲು ಬಂದ ಹೆಣ್ಣುಮಗಳ ಉದ್ಯೋಗವೇ ರೊಟ್ಟಿ ಬಡಿಯುವುದಾಗಿದ್ದರೆ, ದಿನಕ್ಕೆ ಎಷ್ಟು ಬಡಿಯುತ್ತೀರಿ, ಜೋಳ ಎಲ್ಲಿಂದ ತರುತ್ತೀರಿ ಎಂದು ಕೇಳಬಲ್ಲ ಅಧಿಕಾರಿ ಅವಳ ಲೆಕ್ಕವನ್ನು ಸರಿಯಾಗಿ ತಿಳಿಯುತ್ತಾನೆ. ಇಲ್ಲಿ ಇನ್ನೂ ಒಂದು ಸಂಗತಿ ಇದೆ. ಗಂಡಸರಿಗೆ ಗೊತ್ತಿರುವುದು ಸಾಮಾನ್ಯವಾಗಿ ‘ಹಾಕ್ರಿ’, ‘ಸಾಕ್ರಿ’ ಎಂಬ ಉಣ್ಣುವವರ ಮಾತು. ಮಾಡುವವರ ಮಾತು ಪೂರ್ತಿ ಹೆಂಗಸರ ಬಳಿ ಇದೆ. ಆದ್ದರಿಂದ ಈ ಪಾಠದ ಗುರುಗಳು ಅವರೇ ಆಗಬೇಕು, ಪುಕ್ಕಟೆಯಾಗಿ ಅಲ್ಲ, ಗೌರವಧನ ಪಡೆದು.

ಮಾಡಬೇಕಾದದ್ದು ಹೆಚ್ಚೇನಿಲ್ಲ. ಗೋಕಾಕ, ಹುಕ್ಕೇರಿ ಮತ್ತು ಗೋಕಾಕದಿಂದ ಬೇರ್ಪಟ್ಟು ತಾಲ್ಲೂಕಾದ ಮೂಡಲಗಿಯ ಕನ್ನಡ ಸಾಹಿತ್ಯ ಪರಿಷತ್ತಿನ ಘಟಕಗಳು ಕೂಡಿ ಊಟದ ಸುತ್ತಲಿನ ನೂರು ವಾಕ್ಯಗಳ ಒಂದು ಕೈಪುಸ್ತಕ ತರಲಿ. ಒಂದು ಬದಿಗೆ ಇಲ್ಲಿಯ ಮಾತು, ಇನ್ನೊಂದು ಬದಿಗೆ ಶಿಷ್ಟ ರೂಪ ಇರಲಿ. ಬ್ಯಾಂಕುಗಳು, ಕಾರ್ಖಾನೆಗಳು ಕಾನೂನಿನಂತೆ ನಡೆಸಬೇಕಾದ ಕನ್ನಡ ತರಗತಿಯ ಮೊದಲ ವಾರವನ್ನು ಹಲಗೆಯ ಮುಂದೆ ಕಳೆಯದೆ ಊರಿನ ಖಾನಾವಳಿಯಲ್ಲೋ ಸ್ತ್ರೀಶಕ್ತಿ ಸಂಘದ ಅಡುಗೆಮನೆಯಲ್ಲೋ ನಡೆಸಲಿ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಬೆಂಗಳೂರಿನಲ್ಲಿ ಅಚ್ಚಾದ ಒಂದೇ ಪುಸ್ತಕವನ್ನು ಬೀದರಿಗೂ ಚಾಮರಾಜನಗರಕ್ಕೂ ಕಳಿಸುವುದನ್ನು ಬಿಟ್ಟು, ಆಯಾ ಸೀಮೆಯ ಪಾಠ ಆಯಾ ಸೀಮೆಯಲ್ಲೇ ಬರೆಯಿಸಲಿ. ಊರಿನವರ ಪಾಲೂ ಇದರಲ್ಲಿದೆ. ಹೊರಗಿನಿಂದ ಬಂದವರು ತಡವರಿಸುತ್ತ ಕನ್ನಡದಲ್ಲಿ ರೊಟ್ಟಿ ಕೇಳಿದಾಗ ನಾವು ಥಟ್ಟನೆ ಹಿಂದಿಗೆ ಹೊರಳುತ್ತೇವೆ. ಅವರ ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಇನ್ನು ಮುಂದೆ ಅವರಿಗೆ ಕನ್ನಡದಲ್ಲೇ ಉತ್ತರ ಕೊಡೋಣ.